ಬಣ್ಣ ಬ್ಯಾಡಗಿ, ಖಾರ ಗುಂಟೂರು

ಜಪಾನಿನ ಅನಿಮೆಗಳಲ್ಲಿ ಮನುಷ್ಯರಿಗೆ ಮೂಗು ಯಾಕಿಲ್ಲ ಎಂಬ ಪ್ರಶ್ನೆಯನ್ನು ಹಾವೇರಿಯ ನಮ್ಮ ಓಣಿಯಲ್ಲಿ ಎತ್ತಿದವರು ಪಕ್ಕದ ಮನೆಯ ಡ್ರಾಯಿಂಗ್ ಮಾಸ್ತರರು. ರಿಟೈರಾಗಿ ಬಹಳ ವರ್ಷವಾಯಿತು. ಆದರೂ ಲೋವರ್, ಹೈಯರ್ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡಿದ ಕಣ್ಣು, ಗೋಡೆಯ ಮೇಲಿನ ಸಿಮೆಂಟ್ ಜಾಹೀರಾತಿನ ಆನೆಗೂ ಅಳತೆ ತಪ್ಪಿದ್ದನ್ನು ಬಿಡುವುದಿಲ್ಲ. ಅವರ ಮೊಮ್ಮಗಳು ದಿನಾ ರಾಣೇಬೆನ್ನೂರಿನ ಕಾಲೇಜಿಗೆ ರೈಲಿನಲ್ಲಿ ಓಡಾಡುತ್ತಾಳೆ. ಹೋಗುತ್ತ ಒಂದು ಎಪಿಸೋಡು, ಬರುತ್ತ ಒಂದು. ನಡುವೆ ಎದೆಮಟ್ಟದ ಕಂಪೌಂಡು, ಈ ಕಡೆ ನಾನು. ಗೋಡೆಯ ಮೇಲೆ ಚಹಾದ ಕಪ್ಪು ಇಡಲು ಜಾಗವಿರುವತನಕ ನಮ್ಮಲ್ಲಿ ವಿಮರ್ಶೆಗೆ ಬರವಿಲ್ಲ.

“ಅರ್ಧ ಮಾರಿ ಬರೇ ಕಣ್ಣ ಐತಿ. ಮೂಗಿನ ಜಾಗಾದಾಗ ಒಂದು ಚುಕ್ಕಿ! ನಮ್ಮ ಸಾಲ್ಯಾಗ ಹಿಂಗ ತಗದಿದ್ರ ಪಾಸ್ ಮಾಡ್ತಿದ್ದಿಲ್ಲ ನಾ.”

“ಅಜ್ಜಾ, ನೀ ಹೊಗಳೂ ತೊಗಲುಗೊಂಬಿ ರಾವಣಗ ಕಣ್ಣ ಕಿವೀತನಕ ಬಂದೈತಲ್ಲ, ಅವನ್ನ ಯಾಕ ಫೇಲ್ ಮಾಡಲಿಲ್ಲ?”

ಮಾಸ್ತರರು ಚಹಾ ಕುಡಿದರು. ನಾನು ನಡುವೆ ಬಾಯಿ ಹಾಕಿದೆ. ಆ ದೊಡ್ಡ ಕಣ್ಣಿನ ಜಾಡು ಹಿಡಿದು ಹೋದರೆ ಒಸಾಮು ತೆಜುಕಾ ಸಿಗುತ್ತಾರೆ. ಡಿಸ್ನಿ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಬೆಳೆದ ಈ ಮನುಷ್ಯ, ಭಾವನೆಯನ್ನೆಲ್ಲ ಕಣ್ಣಿಗೆ ತುಂಬುವುದನ್ನು ಅಲ್ಲಿಂದ ಎತ್ತಿಕೊಂಡರು. ಅವರ ‘ಆಸ್ಟ್ರೋ ಬಾಯ್’ 1963ರ ಜನವರಿ 1ರಂದು ಟಿವಿಗೆ ಬಂತು. ವಾರಕ್ಕೊಂದು ಅರ್ಧ ತಾಸಿನ ಕಂತು ಕೊಡಬೇಕು, ಕೈಯಲ್ಲಿ ರೊಕ್ಕವಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ. ಒಂದೊಂದು ಚಿತ್ರವನ್ನು ಮೂರು ಚೌಕಟ್ಟು ಹಿಡಿದಿಟ್ಟರೆ 8 ಚಿತ್ರಕ್ಕೆ ಕೆಲಸ ಮುಗಿಯುತ್ತದೆ. ಮೈ ಅಲ್ಲಾಡಿಸುವ ಬದಲು ಬಾಯಿ ಮಾತ್ರ ಅಲ್ಲಾಡಿಸು. ಒಮ್ಮೆ ಬರೆದ ಓಟವನ್ನು ಮುಂದಿನ ಕಂತಿಗೂ ಎತ್ತಿಡು. ಬಡತನದ ಈ ಉಳಿತಾಯವೇ ಬರಬರುತ್ತ ಶೈಲಿಯಾಯಿತು.

“ಅಂದ್ರ ರೊಕ್ಕದ ಅಡಚಣಿ ಅನ್ರಿ. ಹಂಗಾರ ಮೂಗ ಮಾಫ್” ಎಂದರು ಮಾಸ್ತರರು.

ಈ ಕೋರ್ಟಿಗೆ ಆಗಾಗ ಬರುವ ಮೂರನೆಯ ಜಡ್ಜು ಬ್ಯಾಡಗಿಯ ನಮ್ಮ ಬೀಗರು. ಮೆಣಸಿನಕಾಯಿ ವ್ಯಾಪಾರ. ಸೋಮವಾರ, ಗುರುವಾರ ಮಾರುಕಟ್ಟೆ, ಆ ಎರಡು ದಿನ ಬಿಟ್ಟು ಬರುತ್ತಾರೆ. ಹುಡುಗಿ ಅವರಿಗೆ ಮಕೊಟೊ ಶಿಂಕಾಯಿಯ ‘ವೆದರಿಂಗ್ ವಿತ್ ಯೂ’ ತೋರಿಸಿದಳು. ಟೋಕಿಯೊದ ಮೇಲೆ ಬಿಡದೆ ಸುರಿಯುವ ಮಳೆ, ಕೊಡೆಯ ತುದಿಯ ಹನಿ, ಮೋಡ ಹರಿದು ಇಳಿಯುವ ಬಿಸಿಲು. ಇಷ್ಟು ಚಂದದ ಮುಗಿಲನ್ನು ಯಾವ ಕ್ಯಾಮರಾವೂ ತೆಗೆದಿಲ್ಲ ಎಂದು ಮಾಸ್ತರರೂ ಒಪ್ಪಿದರು. ಕತೆಯಲ್ಲಿ ಪ್ರಾರ್ಥಿಸಿ ಮಳೆ ನಿಲ್ಲಿಸುವ ಹುಡುಗಿಯೊಬ್ಬಳಿದ್ದಾಳೆ. ಅದರ ಬೆಲೆ ಅವಳ ಜೀವ. ಹುಡುಗ ಅವಳನ್ನು ಉಳಿಸಿಕೊಳ್ಳುತ್ತಾನೆ, ಮಳೆ ಮೂರು ವರ್ಷ ಸುರಿದು ಟೋಕಿಯೊದ ದೊಡ್ಡ ಭಾಗ ಮುಳುಗುತ್ತದೆ.

ಬೀಗರು ಎದ್ದು ಕೂತರು. “ಮೂರು ವರ್ಷ ಮಳಿ? ಕಣದಾಗ ಹರವಿದ ಕಾಯಿ ಏನ್ ಆಗಬೇಕ್ರಿ? ಆ ಹುಡುಗಗ ಹೊಲಾ ಇದ್ದಂಗ ಕಾಣೂದಿಲ್ಲ.”

“ಕಾಕಾರ, ಅದು ಪ್ರೀತಿ ಕತಿರೀ!”

“ಪ್ರೀತಿ ಮಾಡ್ಲಿ, ಬ್ಯಾಡ ಅಂದೋರ್‍ಯಾರು? ಆದ್ರ ಊರು ಮುಳುಗಿದ್ದಕ್ಕ ಒಂದು ಮಾತು ಅಳಬಾರದ?”

ನಕ್ಕೆವು, ಆದರೆ ಅವರ ಮಾತಿನಲ್ಲಿ ಹುರುಳಿದೆ. ಆ ಚಿತ್ರ ಭಾರತದ ಥಿಯೇಟರುಗಳಿಗೆ ಬಂದದ್ದು 2019ರ ಅಕ್ಟೋಬರ್ 11ರಂದು, ಅಭಿಮಾನಿಗಳು ಸಹಿ ಕೂಡಿಸಿ ಕೇಳಿಕೊಂಡ ಮೇಲೆ. ಅದೇ ವರ್ಷ ಆಗಸ್ಟಿನಲ್ಲಿ ವರದೆ, ತುಂಗಭದ್ರೆ ಉಕ್ಕಿ ನಮ್ಮ ಜಿಲ್ಲೆಯ ಊರುಗಳಿಗೆ ನುಗ್ಗಿದ್ದವು. ಅದನ್ನು ಕಂಡವರಿಗೆ ಮುಳುಗಿದ ಟೋಕಿಯೊದ ಅಂದವನ್ನು ಸವಿಯುವುದು ತುಸು ಕಷ್ಟ.

ಕೊನೆಗೆ ಬೀಗರೇ ತೀರ್ಪು ಕೊಟ್ಟರು: “ಬಣ್ಣ ನಮ್ಮ ಬ್ಯಾಡಗೀದು. ಖಾರ ಇಲ್ಲ.” ಅಂದಿನಿಂದ ನಮ್ಮ ಕಂಪೌಂಡಿನ ಅಳತೆಗೋಲು ಅದೇ. 2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಗೆ ರೇಟು ಕಟ್ಟುವುದೇ ಬಣ್ಣ ನೋಡಿ. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಸಾರ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಆದರೆ ಖಾರದಪುಡಿ ಕುಟ್ಟಿಸುವ ಹೆಣ್ಣುಮಕ್ಕಳು ನಾಲಿಗೆಗೆ ತಾಕಲೆಂದು ಗುಂಟೂರು ಕಾಯಿ ಬೆರೆಸಿಯೇ ಬೆರೆಸುತ್ತಾರೆ. ಈಗಿನ ಹುಡುಗರ ಅನಿಮೆ ಚರ್ಚೆ ಮುಕ್ಕಾಲು ಪಾಲು ಬಣ್ಣದ್ದೇ. ಯಾವ ಸ್ಟುಡಿಯೋ, ಯಾವ ಫೈಟು, ಕತ್ತಿಯಿಂದ ನೀರು ಹೇಗೆ ಹಾರಿತು. ಬೆರೆಸಿದ ಖಾರ ಎಷ್ಟೆಂದು ಯಾರೂ ಕೇಳುವುದಿಲ್ಲ.

ಕತ್ತಿಯಿಂದ ನೀರು ಹಾರುವುದು ‘ಡೀಮನ್ ಸ್ಲೇಯರ್’ನಲ್ಲಿ. ಇದ್ದಿಲು ಮಾರುವ ಮನೆಯ ಹುಡುಗ ತಂಜಿರೋ. ಮನೆಮಂದಿಯನ್ನು ರಕ್ಕಸ ಕೊಂದಿದ್ದಾನೆ, ಉಳಿದ ತಂಗಿ ನೆಜುಕೊ ತಾನೇ ರಕ್ಕಸಿಯಾಗಿದ್ದಾಳೆ. ಇದರ ‘ಇನ್ಫಿನಿಟಿ ಕ್ಯಾಸಲ್’ ಸಿನಿಮಾ 2025ರ ಸೆಪ್ಟೆಂಬರ್ 12ರಂದು ಇಲ್ಲಿ ಬಿಡುಗಡೆಯಾದಾಗ ಹುಡುಗಿ ಗೆಳತಿಯರ ಜೊತೆ ಹುಬ್ಬಳ್ಳಿಗೆ ಹೋಗಿ ನೋಡಿ ಬಂದಳು. ಎರಡೂವರೆ ತಾಸಿಗೂ ಮಿಕ್ಕಿದ ಚಿತ್ರ. ಅವಳದು ಒಂದೇ ತಕರಾರು: ಫೈಟು ಕಾವೇರುವ ಹೊತ್ತಿಗೆ ಸರಿಯಾಗಿ ಎದುರಾಳಿ ರಕ್ಕಸನ ಹಿಂದಿನ ಕತೆ ಶುರುವಾಗುತ್ತದೆ. ಅಕಾಜಾ ಎಂಬ ಆ ರಕ್ಕಸ ಹಿಂದೆ, ಕಾಯಿಲೆಬಿದ್ದ ಅಪ್ಪನ ಔಷಧಿಗಾಗಿ ಕಳವು ಮಾಡುತ್ತಿದ್ದ ಹುಡುಗ. ಕತೆ ಕೇಳಿ ಮುಗಿಸುವ ಹೊತ್ತಿಗೆ ಅವನನ್ನು ಕೊಲ್ಲುವ ಮನಸ್ಸು ಯಾರಿಗೂ ಉಳಿದಿರುವುದಿಲ್ಲ.

ಇಲ್ಲಿ ಮಾಸ್ತರರು ಮೊಮ್ಮಗಳ ವಿರುದ್ಧ ನಿಂತರು. ಹುಡುಗತನದಲ್ಲಿ ರಾತ್ರಿಯಿಡೀ ದೊಡ್ಡಾಟ ನೋಡಿದವರು. ದೊಡ್ಡಾಟದಲ್ಲಿ ರಾಕ್ಷಸ ರಂಗಕ್ಕೆ ಕುಣಿಯುತ್ತ ಬಂದ ಕೂಡಲೇ ಸಾರಥಿ ಎದುರು ನಿಂತು, ತಾವು ಯಾರು, ಎಲ್ಲಿಯವರು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಕ್ಷಸ ಎದೆಯುಬ್ಬಿಸಿ ತನ್ನ ಕುಲ, ಊರು, ಪರಾಕ್ರಮ ಎಲ್ಲ ಹೇಳಿಕೊಳ್ಳುತ್ತಾನೆ. ಕೊನೆಗೆ ಸಾಯುವುದು ಅವನೇ ಎಂದು ಎದುರಿಗೆ ಕೂತ ಮಕ್ಕಳಿಗೂ ಗೊತ್ತು. “ನಮ್ಮಲ್ಲಿ ಬರೂವಾಗ ಹೇಳತಾನ, ಅವರಲ್ಲಿ ಹೋಗೂವಾಗ ಹೇಳತಾನ. ಅಷ್ಟ ಫರಕ್” ಎಂದರು. ಅನಿಮೆ ವಿಮರ್ಶೆಯಲ್ಲಿ ನಾನು ಕೇಳಿದ ಅತ್ಯುತ್ತಮ ಮಾತು ಇದು. ಬರುವಾಗ ಹೇಳಿದರೆ ರಾಕ್ಷಸನ ಅಹಂಕಾರ ಕಾಣುತ್ತದೆ, ಹೋಗುವಾಗ ಹೇಳಿದರೆ ಅವನ ದುಃಖ ಕಾಣುತ್ತದೆ. ಆದರೆ ಪ್ರತಿ ರಕ್ಕಸನಿಗೂ ಇದೇ ಮರ್ಯಾದೆ ಸಿಕ್ಕರೆ ನಾಲ್ಕನೆಯವನ ಹೊತ್ತಿಗೆ ಕಣ್ಣೀರು ಬತ್ತುತ್ತದೆ; ಅದು ಕತೆ ಬರೆದವರ ಸೋಲೇ.

ಹುಡುಗಿಯ ಸಿಟ್ಟು ಮಾತ್ರ ಬೇರೆ ಕಡೆ. “ಕಾಕಾ, ನೆಜುಕೋನ ನೋಡ್ರಿ. ಬಾಯಾಗ ಬಿದರಿನ ತುಂಡ ಕಟ್ಟಿ ಪೆಟ್ಟಿಗ್ಯಾಗ ಕುಂದರಿಸಿ ಬೆನ್ನಮ್ಯಾಲ ಹೊತ್ಕೊಂಡ ಅಡ್ಡಾಡತಾನ. ಹೀರೋಯಿನ್ ಅಂತ ಪೋಸ್ಟರ್‍ನ್ಯಾಗ ಹಾಕ್ತಾರ, ಮಾತ ಆಡಾಕ ಕೊಡೂದಿಲ್ಲ!” ‘ನರುಟೊ’ದ ಸಕುರಾ ಬಗ್ಗೆ ಅವಳಿಗೆ ಇನ್ನೂ ಕೋಪ. 220 ಕಂತು, ಆಮೇಲೆ ‘ಶಿಪ್ಪುಡೆನ್’ ಎಂದು ಮತ್ತೆ 500; ಅಷ್ಟರಲ್ಲಿ ಆ ಹುಡುಗಿಗೆ ಮನಸ್ಸು ಬಿಚ್ಚಲು ಹತ್ತು ಕಂತು ಸಿಗಲಿಲ್ಲವೇ ಎನ್ನುತ್ತಾಳೆ. ‘ಡೆತ್ ನೋಟ್’ ಎಲ್ ಎಂಬ ಪತ್ತೇದಾರ ಸತ್ತ ಮೇಲೆ ಸತ್ತಿತು ಎಂಬುದು ಅವಳ ಇನ್ನೊಂದು ತೀರ್ಪು, ಅದಕ್ಕೆ ಅಪೀಲಿಲ್ಲ.

ಹಾಗಾದರೆ ಖಾರ ಎಲ್ಲಿದೆ? 1988ರ ಏಪ್ರಿಲ್ 16ರಂದು ಜಪಾನಿನಲ್ಲಿ ಘಿಬ್ಲಿ ಸ್ಟುಡಿಯೋದ ಎರಡು ಚಿತ್ರ ಒಂದೇ ಟಿಕೇಟಿಗೆ ಬಂದವು. ಒಂದು ಮಿಯಾಝಾಕಿಯ ‘ಮೈ ನೇಬರ್ ಟೊಟೊರೊ’, ಮಕ್ಕಳನ್ನು ನಗಿಸುವಂಥದ್ದು. ಇನ್ನೊಂದು ಇಸಾವೊ ತಕಹಾತಾರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’. 1945ರಲ್ಲಿ ಕೋಬೆ ಊರಿನ ಮೇಲೆ ಬಾಂಬು ಬಿದ್ದು ತಾಯಿ ಸತ್ತ ಅಣ್ಣತಂಗಿಯರ ಕತೆ. ಒಂದು ತಗಡಿನ ಡಬ್ಬಿಯಲ್ಲಿ ಹಣ್ಣಿನ ಪೆಪ್ಪರಮೆಂಟು. ಅದು ತೀರಿದ ಮೇಲೆ ಅಣ್ಣ ಡಬ್ಬಿಗೆ ನೀರು ಹಾಕಿ ಅಲ್ಲಾಡಿಸಿ, ಅಂಟಿಕೊಂಡ ಸಿಹಿಯನ್ನು ತಂಗಿಗೆ ಕುಡಿಸುತ್ತಾನೆ. ಇನ್ನೂ ಮುಂದೆ, ಹಸಿವಿನಿಂದ ಮತಿ ತಪ್ಪಿದ ಆ ಕೂಸು ಗೋಲಿಗಳನ್ನು ಪೆಪ್ಪರಮೆಂಟೆಂದು ಬಾಯಲ್ಲಿ ಹಾಕಿಕೊಂಡಿರುತ್ತದೆ. ಬಣ್ಣ ಮಂಕು, ಗೆರೆ ಸಾದಾ. ಮಾಸ್ತರರು ಆ ದಿನ ಮೂಗಿನ ಮಾತೆತ್ತಲಿಲ್ಲ. ಬೀಗರು ಮಾತ್ರ, ಅತ್ತೆಯ ಮನೆ ಬಿಟ್ಟು ಹೋಗುವ ಅಣ್ಣನ ಹಟವೂ ತಂಗಿಯನ್ನು ಕೊಂದಿತು ಎಂದರು. ಇದು ಯುದ್ಧವಿರೋಧಿ ಚಿತ್ರವಲ್ಲ ಎಂದು ತಕಹಾತಾರೇ ಹೇಳುತ್ತಿದ್ದರು. ಬ್ಯಾಡಗಿಯ ವ್ಯಾಪಾರಿಗೆ ಅದು ತಾನಾಗಿಯೇ ಹೊಳೆಯಿತು.

2003ರಲ್ಲಿ ಆಸ್ಕರ್ ಪಡೆದ ‘ಸ್ಪಿರಿಟೆಡ್ ಅವೇ’ ಬಗ್ಗೆ ಒಂದೇ ಮಾತು. ಅದರಲ್ಲಿ ಚಿಹಿರೋ ಎಂಬ ಹುಡುಗಿ ನೀರಿನ ಮೇಲೆ ಓಡುವ ರೈಲಿನಲ್ಲಿ ಸುಮ್ಮನೆ ಕೂತು ಹೋಗುತ್ತಾಳೆ, ಪಕ್ಕದಲ್ಲಿ ಮುಖವಾಡದ ಒಂದು ಭೂತ. ನೆರಳಿನಂಥ ಜನ ಹತ್ತುತ್ತಾರೆ, ಇಳಿಯುತ್ತಾರೆ. ಏನೂ ನಡೆಯುವುದಿಲ್ಲ. ಎರಡು ಚಪ್ಪಾಳೆಯ ನಡುವಿನ ಖಾಲಿ ಹೊತ್ತು ತನಗೆ ಮುಖ್ಯ ಎಂದು ಮಿಯಾಝಾಕಿ ಒಮ್ಮೆ ಚಪ್ಪಾಳೆ ತಟ್ಟಿಯೇ ತೋರಿಸಿದ್ದರು. ನಮ್ಮ ಹುಡುಗಿ ಆ ದೃಶ್ಯವನ್ನು ಮುಂದಕ್ಕೆ ಓಡಿಸಿದ್ದಳಂತೆ. ಅಜ್ಜ ಹಿಂದಕ್ಕೆ ತಂದು ನೋಡಿದರು.

ನನ್ನ ತಕರಾರು ಬೇರೆಯೇ ಇದೆ. ‘ಇನ್ಫಿನಿಟಿ ಕ್ಯಾಸಲ್’ ಜಪಾನಿ, ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಜಪಾನಿನ ಯುಗೊ ಸಾಕೊ ಮುಂದಾಗಿ ಮಾಡಿದ ರಾಮಾಯಣ ಚಿತ್ರ 2025ರ ಜನವರಿಯಲ್ಲಿ ಥಿಯೇಟರಿಗೆ ಬಂದಾಗಲೂ ಅದೇ ಪಂಕ್ತಿಭೇದ. ಕನ್ನಡ ಚಿತ್ರರಂಗ ಡಬ್ಬಿಂಗಿಗೆ ಹಾಕಿದ್ದ ತಡೆ ತಪ್ಪೆಂದು ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತು, 2017ರಲ್ಲಿ ಡಬ್ ಆದ ‘ಸತ್ಯದೇವ್ ಐಪಿಎಸ್’ ಕನ್ನಡ ಮಾತಾಡುತ್ತ ಬಂದ. ಹೊಂಬಾಳೆಯವರ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ಓಡಿತು. ಹಾಗಿದ್ದೂ ನಮ್ಮ ಓಣಿಯ ಚಿಕ್ಕ ಮಕ್ಕಳು ಡೊರೇಮಾನ್ ನೋಡಿ ತಾಯಿಯ ಹತ್ತಿರ ಹಿಂದಿಯಲ್ಲಿ ಬಿಸ್ಕೀಟು ಕೇಳುತ್ತಾರೆ. ಮಕ್ಕಳ ಮಾತು ಹಿಂದಿಗೆ ತಿರುಗಿತೆಂದು ಬಾಂಗ್ಲಾದೇಶ 2013ರಲ್ಲಿ ಆ ಹಿಂದಿ ಡೊರೇಮಾನನ್ನೇ ನಿಲ್ಲಿಸಿತು. ನಿಲ್ಲಿಸುವುದು ಬೇಡ, ಕನ್ನಡದಲ್ಲಿ ಕೊಡಿ ಸಾಕು.

ಕೊಡುವವರಿಗೆ ಒಂದು ಅರಿಕೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಪುಸ್ತಕದ ಕನ್ನಡ ಓದಿಸಬೇಡಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಸುತ್ತಲಿನ ಹಳ್ಳಿಗಳಲ್ಲಿ ದೊಡ್ಡಾಟದ ಕಲಾವಿದರಿದ್ದಾರೆ. ಅಕಾಜಾನ ಪಾತ್ರಕ್ಕೆ ಅವರಲ್ಲೊಬ್ಬರನ್ನು ಮೈಕಿನ ಮುಂದೆ ನಿಲ್ಲಿಸಿ ನೋಡಿ. ನೆಜುಕೊಗೆ ಮಾತು ಬರುವ ಕಂತಿನಲ್ಲಿ ರಾಣೇಬೆನ್ನೂರಿನ ಕಾಲೇಜು ಹುಡುಗಿಯೊಬ್ಬಳಿಗೆ ಅವಕಾಶ ಕೊಡಿ. ಅವಳ ಹತ್ತಿರ ಹೇಳುವುದು ಬೇಕಾದಷ್ಟಿದೆ.