ಲೆನ್ಸಪ್ಪನವರ ಆಯವ್ಯಯ

ಲೆನ್ಸಪ್ಪನವರು ಎಂಬುದು ಒಬ್ಬ ವ್ಯಕ್ತಿಯ ಹೆಸರಲ್ಲ, ಒಂದು ತಳಿಯ ಹೆಸರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ, ಜಿಲ್ಲಾ ಕೇಂದ್ರಗಳ ಬ್ಯಾಂಕುಗಳಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ತಳಿ ಹೇರಳವಾಗಿದೆ. ಮೈಮೇಲೆ ಲೆಕ್ಕಕ್ಕೆ ಸಿಗದಷ್ಟು ಜೇಬುಗಳಿರುವ ಮಣ್ಣುಬಣ್ಣದ ಜಾಕೆಟ್ಟು, ಕಾರಿನ ಹಿಂಗಾಜಿನ ಮೇಲೆ ಹುಲಿಯ ಸ್ಟಿಕ್ಕರು, ಮಾತಿನಲ್ಲಿ ಹಕ್ಕಿಗಿಂತ ಹೆಚ್ಚಾಗಿ ಅಪರ್ಚರು, ಇವು ಹೊರಗಿನ ಲಕ್ಷಣಗಳು. ಖಚಿತ ಲಕ್ಷಣವಿರುವುದು ಅವರ ಲ್ಯಾಪ್‌ಟಾಪಿನೊಳಗೆ: ಒಂದು ಎಕ್ಸೆಲ್ ಹಾಳೆ. ಅದರಲ್ಲಿ ವಸ್ತು, ಬೆಲೆ, ಹಬ್ಬದ ಆಫರು, ಮಾಸಿಕ ಕಂತು, ಮನೆಯಲ್ಲಿ ಹೇಳಬೇಕಾದ ಬೆಲೆ ಎಂದು ಐದು ಕಾಲಂಗಳು. ಸರ್ಕಾರ ವರ್ಷಕ್ಕೊಮ್ಮೆ ಬಜೆಟ್ ಮಂಡಿಸಿದರೆ ಲೆನ್ಸಪ್ಪನವರು ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ, ಬೋನಸ್ ಬಂದಾಗಲೊಮ್ಮೆ ಮಂಡಿಸುತ್ತಾರೆ. ನಡುವೆ ಪೂರಕ ಅಂದಾಜುಗಳು ಬೇರೆ. ಇಷ್ಟು ಶಿಸ್ತಿನ ಲೆಕ್ಕದಲ್ಲಿ ಒಂದೇ ಒಂದು ಕಾಲಂ ಇಲ್ಲ. ಅದು ಗಂಟೆಗಳದ್ದು. ತಂದ ಸಾಮಾನನ್ನು ಹೆಗಲಿಗೆ ಹಾಕಿಕೊಂಡು ಎಷ್ಟು ಹೊತ್ತು ಹೊರಗಿರುತ್ತೇನೆ ಎಂಬ ಅಂದಾಜು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ನನ್ನ ವಾದವಿಷ್ಟೇ: ಲೆನ್ಸಪ್ಪನವರಿಗೆ ನಿಜವಾಗಿ ಕೊರತೆಯಾಗಿರುವುದು ಹೊತ್ತು. ಇಲ್ಲದ ಹೊತ್ತನ್ನು ಇರುವ ದುಡ್ಡಿನಿಂದ ತುಂಬಿಸಿಕೊಳ್ಳಲು ಅವರು ಹೂಡುವ ಉಪಾಯಕ್ಕೇ ಕ್ಯಾಮೆರಾ ಬಜೆಟ್ ಎಂದು ಹೆಸರು.

ಈ ಬಜೆಟ್ಟು ಬೆಳೆಯುವ ಬಗೆ ನಮಗೆ ಹೊಸದಲ್ಲ. ಕೌಪೀನವನ್ನು ಇಲಿ ಕಡಿಯುತ್ತದೆಂದು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ತಂದು, ಹಸುವಿನ ಮೇವಿಗೆ ಹೊಲ ಮಾಡಿ, ಕೊನೆಗೆ ಸಂಸಾರಿಯೇ ಆಗಿಬಿಟ್ಟ ಸನ್ಯಾಸಿಯ ಕಥೆ ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ಲೆನ್ಸಪ್ಪನವರ ಕೌಪೀನವೆಂದರೆ ಮಗುವಿನ ನಾಮಕರಣಕ್ಕೆಂದು ಕೊಂಡ ಮೊದಲ ಕ್ಯಾಮೆರಾ. ಅದರ ಜೊತೆಗೆ ಬಂದ ಕಿಟ್ ಲೆನ್ಸು ಕತ್ತಲಲ್ಲಿ ಕುರುಡೆಂದು 50 ಎಂಎಂನ ಎಫ್ 1.8 ಲೆನ್ಸು ಬರುತ್ತದೆ. ಮಗು ಓಡಾಡಲು ಕಲಿತು ಕೈಗೆ ಸಿಗದಂತಾದ ಮೇಲೆ ಲೆನ್ಸಪ್ಪನವರ ಗಮನ ಹಕ್ಕಿಗಳ ಕಡೆ ಹೊರಳುತ್ತದೆ, 150–600ರ ದೊಡ್ಡ ಜೂಮ್ ಬರುತ್ತದೆ. ಎರಡು ಕಿಲೋ ಆಸುಪಾಸಿನ ಅದರ ಭಾರಕ್ಕೆ ಹಳೆಯ ಟ್ರೈಪಾಡು ಬಳುಕುತ್ತದೆ. ಹೊಸ ಟ್ರೈಪಾಡು, ಅದರ ಮೇಲೆ ಗಿಂಬಲ್ ಹೆಡ್ಡು. ಒಂದೊಂದು ಫೈಲು 50 ಎಂಬಿ ತೂಗುವುದರಿಂದ ವೇಗದ ಕಾರ್ಡು. ಕಾರ್ಡು ವೇಗವಾದ ಮೇಲೆ ಕಂಪ್ಯೂಟರು ನಿಧಾನ. ಕಂಪ್ಯೂಟರು ಬದಲಾದ ಮೇಲೆ ಹಾರ್ಡ್‌ಡಿಸ್ಕು ಸಾಲದು. ಮಳೆಗಾಲದಲ್ಲಿ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆಂದು ತೇವಾಂಶವನ್ನು ಶೇಕಡಾ 45ರ ಆಸುಪಾಸಿನಲ್ಲಿ ಕಾಯುವ ಡ್ರೈ ಕ್ಯಾಬಿನೆಟ್ಟು. ಗಮನಿಸಬೇಕಾದ್ದೆಂದರೆ, ಇಲ್ಲಿ ಒಂದು ಕಾರಣವೂ ಸುಳ್ಳಲ್ಲ. ಟ್ರೈಪಾಡು ನಿಜವಾಗಿ ಬಳುಕುತ್ತದೆ, ಮಲೆನಾಡಿನ ಆಷಾಢದಲ್ಲಿ ಬೂಷ್ಟು ನಿಜವಾಗಿ ಹಿಡಿಯುತ್ತದೆ. ಸನ್ಯಾಸಿಯ ಹಸುವೂ ನಿಜವಾಗಿಯೇ ಹಾಲು ಕೊಡುತ್ತಿತ್ತು. ಮೆಟ್ಟಿಲುಗಳೆಲ್ಲ ಗಟ್ಟಿ, ಏಣಿ ಮಾತ್ರ ಬೇರೆ ಮನೆಯ ಅಟ್ಟಕ್ಕೆ ಒರಗಿದೆ.

ಇಷ್ಟಾದ ಮೇಲೆ ಹಾಳೆಯ ತುದಿಯಲ್ಲಿ ದಪ್ಪಕ್ಷರದ ಒಂದು ಸಾಲು ಉಳಿಯುತ್ತದೆ: 600 ಎಂಎಂ, ಎಫ್ 4. ಇದು ಈ ತಳಿಯ ಕೈಲಾಸ. ಇದರ ಹಿಂದಿನ ಲೆಕ್ಕ ನೋಡುವಂಥದ್ದು. ಜೂಮ್ ಲೆನ್ಸು 600ರ ತುದಿಯಲ್ಲಿ ಎಫ್ 6.3 ಆಗುತ್ತದೆ, ಎಂದರೆ ಬೆಳಕಿನ ಬಾಗಿಲು ಸುಮಾರು 95 ಮಿಲಿಮೀಟರ್ ಅಗಲ. ಎಫ್ 4 ಎಂದರೆ 150 ಮಿಲಿಮೀಟರ್. ಬಾಗಿಲ ವಿಸ್ತಾರ ಎರಡೂವರೆ ಪಟ್ಟಾಯಿತು, ಬೆಳಕೂ ಎರಡೂವರೆ ಪಟ್ಟು. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಉಜ್ಜಿ ನಯಮಾಡುವ ಖರ್ಚಿನಿಂದಾಗಿ ಲೆನ್ಸಿನ ತೂಕ ಮೂರು ಕಿಲೋ ಮುಟ್ಟುವಾಗ ಬೆಲೆ ಹತ್ತು ಲಕ್ಷ ದಾಟಿರುತ್ತದೆ. ಎರಡೂವರೆ ಪಟ್ಟು ಬೆಳಕಿಗೆ ಅಷ್ಟು ದುಡ್ಡು. ಆದರೆ ಸೂರ್ಯೋದಯದ ಹೊತ್ತಿಗೆ ಕೆರೆಯ ಏರಿಯ ಮೇಲೆ ಸುಮ್ಮನೆ ಕೂತವನಿಗೆ ಅದೇ ಎರಡೂವರೆ ಪಟ್ಟು ಬೆಳಕು ಕೆಲವೇ ನಿಮಿಷಗಳಲ್ಲಿ ಪುಕ್ಕಟೆ ಬರುತ್ತದೆ. ಆ ನಿಮಿಷಗಳಲ್ಲಿ ಕೆರೆಯ ಬಳಿ ಇರಬೇಕು, ಇನ್ನೂ ಸ್ವಲ್ಪ ಕಾಯಬೇಕು, ಅಷ್ಟೇ. ಭಾನುವಾರ ಬೆಳಿಗ್ಗೆ ಐದಕ್ಕೆ ಅಲಾರಂ ಆರಿಸಿ ಮಗ್ಗುಲು ಬದಲಿಸುವ ಲೆನ್ಸಪ್ಪನವರ ಬಳಿ ಆ ನಿಮಿಷಗಳಿಲ್ಲ. ಹಾಗಾಗಿ ಅದೇ ಬೆಳಕನ್ನು ಕಂತಿನಲ್ಲಿ ಕೊಳ್ಳಲು ಹೊರಟಿದ್ದಾರೆ.

ಈ ಮಾತಿಗೆ ಸಾಕ್ಷಿ ಬೇಕೆಂದರೆ ಈ ತಳಿಯವರೇ ಹಾಕುವ ಮಾರಾಟದ ಜಾಹೀರಾತುಗಳನ್ನು ಓದಬೇಕು. ಹಳೆಯ ಕ್ಯಾಮೆರಾ ಮಾರುವಾಗ ಎಲ್ಲರೂ ಎದೆಯುಬ್ಬಿಸಿ ಬರೆಯುವ ಮಾತೊಂದಿದೆ: ಮೂರು ವರ್ಷ ಹಳೆಯದು, ಶಟರ್ ಕೌಂಟ್ ಬರೀ 4,000. ಒಳ್ಳೆಯ ಕ್ಯಾಮೆರಾಗಳ ಶಟರನ್ನು ತಯಾರಕರು ಒಂದೂವರೆ–ಎರಡು ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿರುತ್ತಾರೆ. ಹಕ್ಕಿ ಹಾರುವಾಗ ಸೆಕೆಂಡಿಗೆ 10 ಚಿತ್ರದಂತೆ ಹೊಡೆಯುವವರ ಲೆಕ್ಕದಲ್ಲಿ 4,000 ಕ್ಲಿಕ್ಕೆಂದರೆ 400 ಸೆಕೆಂಡು. ಮೂರು ವರ್ಷದಲ್ಲಿ ಆ ಕ್ಯಾಮೆರಾ ದುಡಿದದ್ದು ಏಳು ನಿಮಿಷಕ್ಕೂ ಕಡಿಮೆ. ಎತ್ತು ಮಾರುವ ರೈತ ಇದಕ್ಕೆ ಒಂದು ದಿನವೂ ನೊಗ ಹೂಡಿಲ್ಲ ಎಂದು ಹೆಮ್ಮೆಪಟ್ಟರೆ ಸಂತೆಯವರು ನಕ್ಕಾರು. ಈ ಸಂತೆಯಲ್ಲಿ ಅದೇ ಗುಣ. ಇನ್ನು ತೆಗೆದ ಚಿತ್ರಗಳ ಗತಿ. 45 ಮೆಗಾಪಿಕ್ಸೆಲ್ ಎಂದರೆ ನಾಲ್ಕೂವರೆ ಕೋಟಿ ಚುಕ್ಕೆ. ಆ ಚಿತ್ರ ಹೋಗುವುದು ವಾಟ್ಸಾಪಿನ ಸ್ಟೇಟಸ್ಸಿಗೆ, ನೋಡುವವರ ಪರದೆಯಲ್ಲಿ ಅದು ಹೆಚ್ಚೆಂದರೆ ಇಪ್ಪತ್ತು ಮೂವತ್ತು ಲಕ್ಷ ಚುಕ್ಕೆ. ಗೋಡೆಗೆ ತೂಗುಹಾಕಲು 20 ಇಂಚು ಅಗಲದ ಪ್ರಿಂಟಿಗೆ 24 ಮೆಗಾಪಿಕ್ಸೆಲ್ ಧಾರಾಳ ಸಾಕು. ಅದನ್ನು ದುಪ್ಪಟ್ಟು ಮಾಡಿದರೂ ಚಿತ್ರದ ಅಗಲದಲ್ಲಿ ಹೆಚ್ಚುವುದು ಶೇಕಡಾ 41 ಮಾತ್ರ. ಇಷ್ಟಾಗಿ ಮನೆಯ ಗೋಡೆಯ ಮೇಲಿರುವುದು ಮದುವೆಯ ದಿನ ಸ್ಟುಡಿಯೋದವರು ತೆಗೆದ ಫೋಟೋ.

ಇಲ್ಲಿ ಲೆನ್ಸಪ್ಪನವರು ಸುಮ್ಮನಿರುವುದಿಲ್ಲ. ಅವರ ಮೊದಲ ಆಕ್ಷೇಪಣೆ ತೂಕದ್ದೇ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಮೊಬೈಲ್ ಎತ್ತಿ ಹಿಡಿದರೆ ಚಮಚ ಕೊಕ್ಕಿನ ಹಕ್ಕಿ ಹಲ್ಲಿಗೆ ಸಿಕ್ಕಿದ ಅಕ್ಕಿಕಾಳಿನಷ್ಟು ಕಾಣುತ್ತದೆ. ಕಬಿನಿಯ ಹಿನ್ನೀರಿನ ಆಚೆ ದಡದ ಆನೆಗೆ ಕಿಟ್ ಲೆನ್ಸು ಎಟುಕುವುದಿಲ್ಲ. ಸಲಕರಣೆಯೇ ಇಲ್ಲದೆ ಕಲೆ ಎಲ್ಲಿಂದ ಬರಬೇಕು? ಮಾತು ನಿಜ. ಉದ್ದ ಲೆನ್ಸು ಶೋಕಿಯ ವಸ್ತುವಲ್ಲ, ಕೆಲಸದ್ದು. ಆದರೆ ಆ ಕೆಲಸಕ್ಕೆ ಅದನ್ನು ಕೊಳ್ಳಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ ಇಂಥ ಲೆನ್ಸುಗಳು ದಿನದ ಬಾಡಿಗೆಗೆ ಸಿಗುತ್ತವೆ. ವರ್ಷಕ್ಕೆ ಐದಾರು ಸಲ ಕಾಡಿಗೆ ಹೋಗುವವರಿಗೆ ಬಾಡಿಗೆಯೇ ಸಲೀಸು ಎಂಬುದನ್ನು ಎಕ್ಸೆಲ್ ಹಾಳೆಯೇ ಹೇಳೀತು. ಹಾಗಿದ್ದರೂ ಬಾಡಿಗೆಯ ಮಾತೆತ್ತಿದರೆ ಲೆನ್ಸಪ್ಪನವರ ಮುಖ ಕಹಿಯಾಗುತ್ತದೆ. ಕಾರಣ ದುಡ್ಡಿನಲ್ಲಿಲ್ಲ. ಬಾಡಿಗೆಯ ಲೆನ್ಸಿಗೆ ತಾರೀಕು ಇರುತ್ತದೆ. ಶನಿವಾರ ತಂದರೆ ಸೋಮವಾರ ಕೊಡಬೇಕು. ಆ ಭಾನುವಾರ ಐದಕ್ಕೆ ಏಳಲೇಬೇಕು. ಕೊಂಡ ಲೆನ್ಸು ಹಾಗಲ್ಲ, ಅದು ಬಲು ಸಾಧು. ಮುಂದಿನ ವಾರ ಹೋದರಾಯಿತು ಎನ್ನುತ್ತದೆ, ಮುಂದಿನ ವರ್ಷವೂ ಹಾಗೆಯೇ ಎನ್ನುತ್ತದೆ. ಎಂದೋ ಒಂದು ದಿನ ಹೋಗುತ್ತೇನೆ ಎಂಬ ನಂಬಿಕೆಗೆ ಕೊಟ್ಟ ಬೆಲೆ ಅದು.

ಎರಡನೆಯ ಆಕ್ಷೇಪಣೆಯನ್ನು ಸಾಮಾನ್ಯವಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಂಡಿಸಲಾಗುತ್ತದೆ. “ರೀ, ಇರೋ ಕ್ಯಾಮೆರಾಕ್ಕೆ ಏನಾಗಿದೆ?” ಎಂದು ಒಳಗಿನಿಂದ ಪ್ರಶ್ನೆ. “ಏನೂ ಆಗಿಲ್ಲ ಕಣೇ, ವಯಸ್ಸಾಗಿದೆ” ಎಂದು ಇವರ ಉತ್ತರ. “ನಿಮಗೂ ಆಗಿದೆಯಲ್ಲ, ನಾನೇನು ಎಕ್ಸ್‌ಚೇಂಜ್ ಆಫರ್ ಹುಡುಕ್ತಿದೀನಾ?” ಎಂಬಲ್ಲಿಗೆ ಚರ್ಚೆ ಸೋಲುವ ಹಂತ ತಲುಪಿದಾಗ ಕೊನೆಯ ಅಸ್ತ್ರ ಹೊರಬರುತ್ತದೆ: ಕ್ಯಾಮೆರಾ ಖರ್ಚು, ಆದರೆ ಲೆನ್ಸು ಹೂಡಿಕೆ, ಬಂಗಾರ ಇದ್ದ ಹಾಗೆ. ಕ್ಯಾಮೆರಾಕ್ಕಿಂತ ಲೆನ್ಸು ಬೆಲೆ ಉಳಿಸಿಕೊಳ್ಳುತ್ತದೆ ಎಂಬುದು ದಿಟ. ಆದರೆ ಬಂಗಾರದ ಬಳೆ ಯಾವ ಕೈಗಾದರೂ ಒಗ್ಗುತ್ತದೆ. ಲೆನ್ಸು ಒಗ್ಗುವುದು ಅದರದೇ ಮೌಂಟಿಗೆ, ಎಂದರೆ ಕ್ಯಾಮೆರಾದಲ್ಲಿ ಅದು ಕೂರುವ ಬಾಯಿಗೆ. 1987ರಲ್ಲಿ ಕ್ಯಾನನ್ ಕಂಪನಿ ತನ್ನ ಮೌಂಟನ್ನೇ ಬದಲಿಸಿದಾಗ ಹಳೆಯ ಲೆನ್ಸುಗಳು ಹೊಸ ಕ್ಯಾಮೆರಾಗಳಿಗೆ ಕೂಡದೆ ಹೋದವು. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆಂದು ಹೊಸ ಮೌಂಟುಗಳನ್ನು ತಂದವು. ಹಳೆಯವು ಅಡಾಪ್ಟರಿನ ಊರುಗೋಲು ಹಿಡಿದು ನಡೆಯಬೇಕಾಯಿತು. ಬಂಗಾರಕ್ಕೆ ಬೂಷ್ಟು ಹಿಡಿದದ್ದನ್ನೂ ಯಾರೂ ಕೇಳಿಲ್ಲ. ಹೂಡಿಕೆಯೆಂಬ ಈ ಮಾತು ಚಿನ್ನದಂಗಡಿಯವರ ಮುಂದೆ ಆಡುವಂಥದ್ದಲ್ಲ, ಮನೆಯವರೆದುರು ಆಡಬೇಕಾದದ್ದು. ಅದಕ್ಕೇ ಅಲ್ಲವೇ ಹಾಳೆಯಲ್ಲಿ ಐದನೆಯ ಕಾಲಂ ಇರುವುದು.

ನಿಜವಾದ ಹೂಡಿಕೆಯ ಲೆಕ್ಕ ಬೇರೆಯೇ ಇದೆ, ಮತ್ತು ಅದು ಲೆನ್ಸಪ್ಪನವರ ಪರವಾಗಿಯೇ ತಿರುಗಬಲ್ಲದು. ಎರಡು ಲಕ್ಷ ರೂಪಾಯಿಯ ಲೆನ್ಸೊಂದು ಐದು ವರ್ಷ ಬಾಳುತ್ತದೆಂದು ಇಟ್ಟುಕೊಳ್ಳಿ. ವರ್ಷಕ್ಕೆ ಆರು ಭಾನುವಾರ, ಒಂದೊಂದು ಸಲ ಮೂರು ಗಂಟೆ ಬಳಸಿದರೆ ಒಟ್ಟು 90 ಗಂಟೆ. ಗಂಟೆಗೆ 2,200 ರೂಪಾಯಿ ಮೀರಿತು. ಅದೇ ಲೆನ್ಸನ್ನು ಪ್ರತಿ ಭಾನುವಾರವೂ ಮೂರು ಗಂಟೆ ಹೊರಗೊಯ್ದರೆ 780 ಗಂಟೆ; ಗಂಟೆಗೆ 256 ರೂಪಾಯಿ. ಯಾವ ದೀಪಾವಳಿ ಆಫರಿನಲ್ಲೂ ಇಷ್ಟು ರಿಯಾಯಿತಿ ಸಿಗುವುದಿಲ್ಲ. ಶೇಕಡಾ ಐದರ ಕ್ಯಾಶ್‌ಬ್ಯಾಕಿಗಾಗಿ ಮೂರು ತಿಂಗಳು ಕಾಯುವ ತಾಳ್ಮೆಯುಳ್ಳವರಿಗೆ, ಮಿಂಚುಳ್ಳಿ ಕೊಂಬೆಗೆ ಮರಳಿ ಬರುವ ತನಕ ಅರ್ಧ ಗಂಟೆ ಕಾಯುವುದು ಯಾಕೆ ಕಷ್ಟವಾಗುತ್ತದೆ ಎಂಬುದು ಮನಶ್ಶಾಸ್ತ್ರದವರು ಬಿಡಿಸಬೇಕಾದ ಒಗಟು.

ಮೂರನೆಯ ಆಕ್ಷೇಪಣೆ ಲೆನ್ಸಪ್ಪನವರದಲ್ಲ, ಅವರ ಸ್ನೇಹಿತರದು: ಕುಡಿಯುವುದಿಲ್ಲ, ಇಸ್ಪೀಟಾಡುವುದಿಲ್ಲ, ರಾತ್ರಿ ಹನ್ನೊಂದರ ತನಕ ಲೆನ್ಸುಗಳ ವಿಮರ್ಶೆ ಓದಿ ಮಲಗುವ ನಿರುಪದ್ರವಿ, ಅವರ ಸಂತೋಷಕ್ಕೆ ನಿಮ್ಮದೇನು ತಕರಾರು? ತಕರಾರಿಲ್ಲ. ಕ್ಯಾಮೆರಾ ಹವ್ಯಾಸ ಬೇರೆ, ಛಾಯಾಗ್ರಹಣದ ಹವ್ಯಾಸ ಬೇರೆ. ಗಡಿಯಾರ ಕೂಡಿಡುವವರನ್ನು ಹೊತ್ತಿಗೆ ಸರಿಯಾಗಿ ಬರುವುದಿಲ್ಲವೇಕೆಂದು ಯಾರೂ ಗದರುವುದಿಲ್ಲ. ತಾನು ಕೂಡಿಡುವವನು ಎಂದು ಒಪ್ಪಿಕೊಂಡವರಿಗೆ ಗಂಟೆಯ ಕಾಲಂ ಬೇಕಿಲ್ಲ. ತೊಡಕಿರುವುದು ಒಂದರ ಖರ್ಚನ್ನು ಇನ್ನೊಂದರ ಖಾತೆಗೆ ಬರೆಯುವುದರಲ್ಲಿ. ಹಾಗೆ ಬರೆದಾಗ ಬಾರದ ಚಿತ್ರಕ್ಕೆಲ್ಲ ಇಲ್ಲದ ಲೆನ್ಸೇ ಹೊಣೆಯಾಗುತ್ತದೆ. ನೆಲ ಡೊಂಕೆಂದು ಹೇಳಿದವಳಿಗೆ ಪ್ರತಿ ವರ್ಷ ಹೊಸ ನೆಲ ಹಾಕಿಸಿಕೊಟ್ಟಂತೆ. ಒಳ್ಳೆಯ ಲೆನ್ಸು ಬರದೆ ಚಿತ್ರ ಬಾರದು, ಚಿತ್ರ ಬಾರದೆ ಲೆನ್ಸಿಗೆ ಮನೆಯಲ್ಲಿ ಮಂಜೂರಾತಿ ಸಿಗದು ಎಂಬಲ್ಲಿಗೆ ಇದು ಹುಚ್ಚು ಬಿಡದೆ ಮದುವೆಯಾಗದ, ಮದುವೆಯಾಗದೆ ಹುಚ್ಚು ಬಿಡದ ಗಾದೆಯೇ.

ಕನ್ನಡ ನಾಡಿನಲ್ಲಿ ಈ ಹವ್ಯಾಸಕ್ಕೆ ದೊಡ್ಡ ಪರಂಪರೆಯಿದೆ, ಅದನ್ನು ಕಟ್ಟಿದವರು ಸಲಕರಣೆಯನ್ನು ತಿರಸ್ಕರಿಸಿದ ಸಂತರೇನಲ್ಲ. ಮೂಡಿಗೆರೆಯ ತೋಟದಲ್ಲಿ ಕೂತು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರಿಗೆ ಯಂತ್ರಗಳ ಹುಚ್ಚು ಸಾಕಷ್ಟಿತ್ತು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಕಾಡುಪ್ರಾಣಿಗಳ ಚಿತ್ರದಲ್ಲಿ ಹೆಸರು ಮಾಡಿದ್ದು ಫಿಲಂ ಕಾಲದಲ್ಲಿ. ಆಗ ಒಂದು ರೋಲಿಗೆ 36 ಚಿತ್ರ. ಒತ್ತಿದ ಪ್ರತಿಯೊಂದು ಕ್ಲಿಕ್ಕಿಗೂ ಕಾಸು ಬೀಳುತ್ತಿತ್ತು, ತೊಳೆಯುವವರೆಗೆ ಬಂತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕ್ಲಿಕ್ಕು ತುಟ್ಟಿಯಾದ್ದರಿಂದ ಕಾಯುವುದೇ ಅಗ್ಗದ ದಾರಿಯಾಗಿತ್ತು, ಆ ಬಲವಂತವೇ ಅವರಿಗೆ ಹಕ್ಕಿಯ ನಡವಳಿಕೆಯನ್ನು ಕಲಿಸಿತು. ಇಂದು ಕ್ಲಿಕ್ಕಿಗೆ ಬೆಲೆಯಿಲ್ಲ, ಹೊತ್ತಿಗೆ ಬಂದಿದೆ. ಸಂಬಳದ ಜನರ ಬಳಿ ಕಂತು ಕಟ್ಟುವಷ್ಟು ದುಡ್ಡಿದೆ, ರಜೆ ಇಲ್ಲ. ಆದ್ದರಿಂದ ಲೆನ್ಸಪ್ಪನವರನ್ನು ನೋಡಿ ನಗುವಾಗ ಅರ್ಧ ನಗುವನ್ನು ಅವರ ಆಫೀಸಿಗೂ ಹಂಚಬೇಕಾದದ್ದು ನ್ಯಾಯ.

ಹಾಗಾಗಿ ಬಜೆಟ್ ಹರಿದುಹಾಕಿ ಎಂಬ ಸಲಹೆ ನನ್ನದಲ್ಲ. ಆರನೆಯ ಕಾಲಮ್ಮೊಂದನ್ನು ಸೇರಿಸಿ ಎಂಬುದಷ್ಟೇ. ಅದನ್ನು ತುಂಬಲು ಸೂತ್ರ, ಆ್ಯಪ್ ಯಾವುದೂ ಬೇಡ. ನಿಮ್ಮ ಮನೆಯಲ್ಲೂ ಮೂಲೆಯಲ್ಲೊಂದು ಡ್ರೈ ಕ್ಯಾಬಿನೆಟ್ಟು ಶೇಕಡಾ 45 ಎಂದು ಹಸಿರು ಅಂಕಿ ತೋರಿಸುತ್ತ ಕೂತಿದ್ದರೆ, ಕಳೆದ ವರ್ಷದ ಐವತ್ತೆರಡು ಭಾನುವಾರಗಳಲ್ಲಿ ಬೆಳಗಿನ ಹೊತ್ತು ಅದು ಖಾಲಿ ಇದ್ದದ್ದು ಎಷ್ಟು ಸಲ ಎಂದು ಎಣಿಸಿ. ಕೈಬೆರಳುಗಳಲ್ಲೇ ಲೆಕ್ಕ ಮುಗಿದರೆ, ಈ ದೀಪಾವಳಿಗೆ ಒಂದು ಅಲಾರಂ ಗಡಿಯಾರ ಕೊಂಡರೆ ಸಾಕು.