ಇಳಿಯದ ಗೇಮು: ತಾತ್ವಿಕ ನೆಲೆಗಳು ಮತ್ತು ಆಯಾಮಗಳು

ದುಡ್ಡು ಕೊಟ್ಟ ಮೇಲೂ ಗೇಮಿನ ಎಕ್ಸ್‌ಪ್ಯಾನ್ಶನ್ ಡೌನ್‌ಲೋಡ್ ಆಗದೆ ಮುಷ್ಕರ ಹೂಡುವ ವಿದ್ಯಮಾನವನ್ನು ನಮ್ಮ ವಿದ್ವತ್ ವಲಯ ಈವರೆಗೆ ಉಪೇಕ್ಷಿಸಿದೆ. ಆ ಕೊರತೆಯನ್ನು ನೀಗಿಸುವ ವಿನಮ್ರ ಪ್ರಯತ್ನವಿದು. 'ಇಳಿಯದಿರುವಿಕೆ'ಯನ್ನು ಸ್ಥಳಾತ್ಮಕ, ಪ್ರಾದೇಶಿಕ, ಅಧಿಕಾರಾತ್ಮಕ, ಕಾಲಿಕ ಮತ್ತು ಪಾರಮಾರ್ಥಿಕ ಎಂಬ ಐದು ನೆಲೆಗಳಲ್ಲಿ ಗ್ರಹಿಸಬೇಕಾಗುತ್ತದೆ. ಸ್ಥಳಾತ್ಮಕ ನೆಲೆಯೆಂದರೆ ಡಿಸ್ಕಿನಲ್ಲಿ ಜಾಗವಿಲ್ಲ ಎಂದರ್ಥ. ಇಷ್ಟನ್ನು ಹೇಳಲು ವಿಂಡೋಸ್ 'ಸೊನ್ನೆ ಎಕ್ಸ್ 80070070' ಎಂಬ ಬೀಜಾಕ್ಷರವನ್ನು ಜಪಿಸುತ್ತದೆ. ಅದರ ಭಾಷ್ಯ ಹೀಗೆ: ಕೊನೆಯ 70 ಹದಿನಾರರ ಎಣಿಕೆಯದು, ಹತ್ತರ ಎಣಿಕೆಗೆ ತಂದರೆ 112, ವಿಂಡೋಸಿನದೇ ಪಟ್ಟಿಯಲ್ಲಿ 112 ಎಂದರೆ ಡಿಸ್ಕಿನಲ್ಲಿ ಜಾಗ ಸಾಲದು. ಅಂದರೆ ಯಂತ್ರಕ್ಕೆ ಕಾರಣ ಗೊತ್ತು; ಗೊತ್ತಿದ್ದೂ ಒಗಟು ಹೇಳುತ್ತದೆ. ಈ ಪ್ರಬಂಧದ ಪ್ರಮೇಯ ಇದೊಂದೇ: ಕಾರಣ ಬಲ್ಲವರು ಬಾಯಿ ಬಿಡುವುದಿಲ್ಲ, ರಿಪೇರಿಯ ಬಿಟ್ಟಿ ಚಾಕರಿ ಮಾತ್ರ ಕೊಂಡವನ ತಲೆಗೆ.

ಪ್ರಾದೇಶಿಕ ನೆಲೆ ಇದನ್ನೇ ಪುಷ್ಟೀಕರಿಸುತ್ತದೆ. ಪ್ಲೇಸ್ಟೇಷನ್‌ನಲ್ಲಿ ಗೇಮಿನ ಡಿಸ್ಕ್ ಒಂದು ಪ್ರದೇಶದ್ದು, ಡಿಎಲ್‌ಸಿ, ಅಂದರೆ ಎಕ್ಸ್‌ಪ್ಯಾನ್ಶನಿನಂಥ ಹೆಚ್ಚುವರಿ ಭಾಗ, ಇನ್ನೊಂದರದ್ದಾದರೆ ಬೀಗರೇ ಬೀಗರ ಗುರುತು ಹಿಡಿಯದಂತಾಗುತ್ತದೆ. ಇದಕ್ಕೂ ಸಿಗುವ ಚಿಕಿತ್ಸೆ: ರೀಸ್ಟಾರ್ಟ್ ಮಾಡಿ, ಗೇಮ್ ಅಳಿಸಿ, ಮತ್ತೆ ಇನ್‌ಸ್ಟಾಲ್ ಮಾಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. 40 ಎಂಬಿಪಿಎಸ್ ಸಂಪರ್ಕದಲ್ಲಿ 50 ಜಿಬಿ ಮತ್ತೆ ಇಳಿಯಲು ಸುಮಾರು ಎರಡೂಮುಕ್ಕಾಲು ಗಂಟೆ ಬೇಕು. ಅಷ್ಟಾದರೂ ಡಿಸ್ಕಿನ ಪ್ರದೇಶ ಬದಲಾಗುವುದಿಲ್ಲ. ಅಧಿಕಾರಾತ್ಮಕ, ಕಾಲಿಕ ನೆಲೆಗಳನ್ನು ಓದುಗರೇ ಕಲ್ಪಿಸಿಕೊಳ್ಳಲಿ. ಐದು ಇರಬೇಕೆಂಬುದು ಪ್ರಬಂಧದ ಹಟವೇ ಹೊರತು ವಿಷಯದ್ದಲ್ಲ.

ಇಲ್ಲಿ ಪೂರ್ವಪಕ್ಷ: ಲೋಕದಲ್ಲಿ ಕಂಪ್ಯೂಟರುಗಳು ನಾನಾ ಬಗೆ, ಪ್ರತಿಯೊಂದರ ರೋಗವನ್ನೂ ಕಂಪನಿ ಊಹಿಸಲಾದೀತೆ? ಹಾಗಾದರೆ ಒಂದೇ ಅಚ್ಚಿನಲ್ಲಿ ಹೊಯ್ದ ಕನ್ಸೋಲುಗಳೂ ಅಂಕಿಗಳಲ್ಲೇ ಯಾಕೆ ನರಳುತ್ತವೆ? ಇನ್ನೊಂದು ಆಕ್ಷೇಪ: ಸಲಹೆಗಳಿಂದ ಎಷ್ಟೋ ಸಲ ಗುಣವಾಗುತ್ತದಲ್ಲ? ನಿಜ. ಸ್ಟೀಮ್ ಎಂಬ ಗೇಮಂಗಡಿಯಲ್ಲಿ ಫೈಲುಗಳನ್ನು ವೆರಿಫೈ ಮಾಡಿದರೆ ಕೆಟ್ಟವಷ್ಟೇ ಮತ್ತೆ ಇಳಿಯುತ್ತವೆ, ಅದು ಮದ್ದು. ಯಾವ ರೋಗಕ್ಕೆಂದು ಹೇಳದೆ ಕೊಟ್ಟರೆ ಅದೂ ಮಂತ್ರದ ನೀರೇ. ಬಾಯಿಬಿಟ್ಟು ಹೇಳುವುದು ಅಸಾಧ್ಯವೇನಲ್ಲ: ಎಲ್ಡನ್ ರಿಂಗ್ ಗೇಮಿನ 2024ರ ವಿಸ್ತರಣೆಯೊಳಗೆ ಕಾಲಿಡಲು ಮೂಲ ಗೇಮಿನ ಶತ್ರುಗಳಾದ ರಾಡಾನ್ ಮತ್ತು ಮೋಗ್ ಇಬ್ಬರನ್ನೂ ಸೋಲಿಸಿರಬೇಕೆಂದು ತಯಾರಕರು ಮೊದಲೇ ಸಾರಿದ್ದರು.

ಇನ್ನು ಪಾರಮಾರ್ಥಿಕ ನೆಲೆ. ಇಲ್ಲಿಗೆ ಬಂದಾಗ ತಮಾಷೆ ಸಾಕು ಅನ್ನಿಸುತ್ತದೆ. 1998ರಲ್ಲಿ ಸ್ಟಾರ್‌ಕ್ರಾಫ್ಟ್ ಗೇಮಿನ ವಿಸ್ತರಣೆ ಬ್ರೂಡ್ ವಾರ್ ಸಿಡಿಯಲ್ಲಿ ಬಂತು. ಸಿಡಿಯ ಮೇಲೆ ಗೀರಿಲ್ಲದಿದ್ದರೆ ಸಾಕಿತ್ತು, ದೂರದ ಯಾವ ಸರ್ವರಿನ ಅಪ್ಪಣೆಯನ್ನೂ ಕಾಯಬೇಕಿರಲಿಲ್ಲ. 2022ರಲ್ಲಿ ಯೂಬಿಸಾಫ್ಟ್ ಕಂಪನಿ ತನ್ನ ಕೆಲವು ಹಳೆಯ ಗೇಮುಗಳ ಆನ್‌ಲೈನ್ ಸೇವೆ ನಿಲ್ಲಿಸುವುದಾಗಿ ಸಾರಿದಾಗ, ಡಿಎಲ್‌ಸಿಯನ್ನೂ ಇನ್ನು ಇನ್‌ಸ್ಟಾಲ್ ಮಾಡಲಾಗದೆಂದು ಹೇಳಿತು. ಇದಕ್ಕೆ ಯಾವ ರೀಸ್ಟಾರ್ಟ್? ಮಾರುತ್ತಿರುವುದು ವಸ್ತುವನ್ನಲ್ಲ, ಬರೀ ಪರವಾನಗಿಯನ್ನು ಎಂದು ಡಿಜಿಟಲ್ ಅಂಗಡಿಗಳು ಸ್ಪಷ್ಟವಾಗಿ ತಿಳಿಸಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು ಜಾರಿಗೆ ಬಂದದ್ದು 2025ರಲ್ಲಿ. 'ಕೊಳ್ಳಿ' ಎಂಬ ಎರಡಕ್ಷರದ ಗುಂಡಿಗೂ ಭಾಷ್ಯ ಬೇಕಾಯಿತು, ಅದನ್ನೂ ಶಾಸನವೇ ಬರೆಯಬೇಕಾಯಿತು.