ಹೋಲ್‌ಸೇಲ್ ಕಾಕಾ

ಗೋಕಾಕದಲ್ಲಿ ಇವರು ಪೇಟೆಗೊಬ್ಬರು, ಮೂಡಲಗಿಯಲ್ಲಿ ಓಣಿಗೊಬ್ಬರು, ಹುಕ್ಕೇರಿಯಲ್ಲಿ ಕಟ್ಟೆಗೊಬ್ಬರು. ಅಡ್ಡಹೆಸರು ಏನೇ ಇರಲಿ, ಮಂದಿ ಕರೆಯುವುದು ಮಾತ್ರ ಹೋಲ್‌ಸೇಲ್ ಕಾಕಾ ಎಂದೇ. ಕಾಕಾನಿಗೆ ಅಂಗಡಿ ಇಲ್ಲ, ದಲಾಲಿ ಗೊತ್ತಿಲ್ಲ, ಕಮಿಷನ್ ರೊಕ್ಕ ಮುಟ್ಟುವವರಲ್ಲ. ಇರುವುದು ಒಂದೇ ಚಟ. ಯಾರಾದರೂ ಒಬ್ಬನೇ ಹೋಗಿ ಒಂದೇ ಒಂದು ಚೀಲ ಕೊಂಡು ತರುವುದು ಕಣ್ಣಿಗೆ ಬಿದ್ದರೆ ಅವರಿಗೆ ಆ ರಾತ್ರಿ ನಿದ್ದೆ ಹತ್ತುವುದಿಲ್ಲ.

"ಎಷ್ಟ ಕೊಟ್ಟ ತಂದ್ಯೋ ತಮ್ಮಾ?"

ತಮ್ಮ ಎಷ್ಟೇ ಹೇಳಲಿ, ಕಾಕಾ ತಲೆ ಅಲ್ಲಾಡಿಸುತ್ತಾರೆ. "ಮುಳಗಿದಿ. ನನಗೊಂದ ಮಾತ ಹೇಳಿದ್ರ ಕೂಡಿ ತರತಿದ್ವಿ."

ಗಾಂಧಿ ಟೊಪಿಗೆ, ನೆಹರೂ ಅಂಗಿ, ಅಂಗಿಯ ಬಗಲಕಿಸೆಯಲ್ಲಿ ಗೊಬ್ಬರದ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ. ಡೈರಿ ಹೋದ ವರ್ಷದ್ದು. ಈ ವರ್ಷದ್ದನ್ನು ಹತ್ತು ಮಂದಿ ಕೂಡಿ ಹೋಗಿ ಕೇಳಿದರೆ ದೊಡ್ಡ ಸೈಜಿನದು ಕೊಡುತ್ತಾರೆ ಎಂದು ಹತ್ತನೆಯವನಿಗಾಗಿ ಕಾಯುತ್ತಿದ್ದಾರೆ.

ರೋಹಿಣಿ ಮಳೆಗೆ ಮುಂಚೆ ಕಾಕಾ ಡೈರಿ ತೆರೆದು ಪಟ್ಟಿ ಹಾಕಲು ಕೂಡುತ್ತಾರೆ. ಪಟ್ಟಿಗೆ ಬರುವವರಲ್ಲಿ ಮೂರು ಜಾತಿ. "ಬರಕೋರಿ ಕಾಕಾ" ಎಂದು ಹೇಳಿ ಮರೆಯುವವರು ಒಂದು. "ರೇಟ ಇಳೀಲಿ, ಆಮ್ಯಾಲ ಹೇಳತೀನಿ" ಎನ್ನುವ ಶಾಣ್ಯಾರು ಎರಡು. ರೇಟು ಇಳಿಯುವುದು ಇವರು ಹೆಸರು ಬರೆಸಿದರೆ, ಇವರು ಹೆಸರು ಬರೆಸುವುದು ರೇಟು ಇಳಿದರೆ. ಮೂರನೆಯವರು "ಹೆಸರ ಹಾಕ್ರಿ, ರೊಕ್ಕಾ ಕಬ್ಬಿನ ಬಿಲ್ ಬಂದ ಮ್ಯಾಲ" ಎನ್ನುವವರು. ಕಬ್ಬು ಹಾಕಿದ 14 ದಿನದೊಳಗೆ ಕಾರ್ಖಾನೆಯವರು ಬಿಲ್ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಆದೇಶದ ಮೇಲೆ ಕಾಕಾ ಇಟ್ಟಷ್ಟು ನಂಬಿಗೆ ಅದನ್ನು ಬರೆದವರೂ ಇಟ್ಟಿರಲಿಕ್ಕಿಲ್ಲ. ಡೈರಿಯ ತುಂಬ ಉದ್ರಿ.

ಯೂರಿಯಾ ಖರೀದಿಯಲ್ಲಿ ಕಾಕಾನ ಪ್ರತಿಭೆ ಪೂರ್ತಿ ಕಾಣಿಸುತ್ತದೆ. 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ ಎಂದು ಸರಕಾರವೇ ಬೆಲೆ ಕಟ್ಟಿದೆ. ಒಂದು ಚೀಲ ಒಯ್ದರೂ ಅಷ್ಟೇ, ಲಾರಿ ತುಂಬಿಕೊಂಡು ಹೋದರೂ ಅಷ್ಟೇ. ಇದನ್ನು ಹೇಳಿದರೆ ಕಾಕಾ ನಕ್ಕುಬಿಡುತ್ತಾರೆ. "ಒಂದ ಚೀಲಾ ತಂದ್ರ 267 ಕೊಡತಿ. 50 ಪೈಸೆ ಚಿಲ್ಲರ ಯಾರ ಕೊಡತಾರ? ಎರಡ ತಂದ್ರ 533, ಚೊಕ್ಕ ಲೆಕ್ಕಾ. ಇಪ್ಪತ್ತ ಚೀಲಾ ಕೂಡಿ ತಂದ್ರ ಹತ್ತ ರೂಪಾಯಿ ಉಳೀತು, ಇಲ್ಲೋ?"

ಈ ಹತ್ತು ರೂಪಾಯಿ ಉಳಿಸಲು ಏಳು ಜನ ಟ್ರ್ಯಾಕ್ಟರ್ ಹತ್ತುತ್ತಾರೆ. ಕಾಕಾ ಒಬ್ಬರೇ ಹೋಗಿ ಬರಬಹುದಿತ್ತಲ್ಲ ಎನ್ನಬೇಡಿ. ಗೊಬ್ಬರದ ಅಂಗಡಿಯ ಯಂತ್ರ ಆಧಾರ್ ನಂಬರ್ ಕೇಳುತ್ತದೆ, ಹೆಬ್ಬೆಟ್ಟು ಕೇಳುತ್ತದೆ. ಗೊಬ್ಬರದ ಕೊರತೆ ಇದ್ದಾಗ ಒಂದು ಆಧಾರಿಗೆ ಇಷ್ಟೇ ಚೀಲ ಎಂದು ಅಂಗಡಿಯವರು ಗೆರೆ ಎಳೆದಿರುತ್ತಾರೆ. ಕೂಡಿ ತರುವ ಲಾಭ ಒಬ್ಬರ ಓಡಾಟದಲ್ಲಿ ಆರು ಜನರ ಓಡಾಟ ಉಳಿಯುವುದು. ಇಲ್ಲಿ ಏಳು ಹೆಬ್ಬೆಟ್ಟುಗಳು ಏಳು ಮೈಗಳನ್ನು ಕರೆದುಕೊಂಡೇ ಹೋಗಬೇಕು. ಏಳು ಚಹಾ, ಏಳು ಪ್ಲೇಟ್ ಮಿರ್ಚಿ, ಟ್ರ್ಯಾಕ್ಟರಿನ ಡೀಸೆಲ್. ಚಹಾ ಮಿರ್ಚಿಯನ್ನು ಕಾಕಾ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಚಹಾ ಮನ್ಯಾಗೂ ಕುಡೀತಿದ್ದಿಲ್ಲೇನ?"

ಊರಿಗೆ ಬಂದ ಮೇಲೆ ಹಂಚಿಕೆ. ಇಪ್ಪತ್ತು ಚೀಲ, ಏಳು ಜನ. ತಲೆಗೆ ಎರಡರಂತೆ ಹೋದರೆ ಆರು ಉಳಿದವು. "ಅವೂ ನೀವs ಇಟ್ಟಕೋರಿ ಕಾಕಾ" ಎಂದು ಮಂದಿ ಕೈ ಮುಗಿದರೂ ಬಿಡುವವರಲ್ಲ. ಆರು ಚೀಲವೆಂದರೆ 270 ಕಿಲೋ. ಏಳರಿಂದ ಭಾಗಿಸಿದರೆ ತಲೆಗೆ 38 ಕಿಲೋ 571 ಗ್ರಾಂ. ತಾಡಪತ್ರಿ ಹಾಸಿ, ತಕ್ಕಡಿ ತಂದು, ಆ ಐನೂರಾ ಎಪ್ಪತ್ತೊಂದನೆಯ ಗ್ರಾಮಿನ ತನಕ ತೂಗಿ ಕೊಟ್ಟರೇ ಕಾಕಾನಿಗೆ ಸಮಾಧಾನ. ಅಷ್ಟರಲ್ಲಿ ಮೋಡ ಕವಿದು, ಮಳೆ ಹನಿದು, ತಾಡಪತ್ರಿಯ ಮೇಲಿನ ಯೂರಿಯಾ ಹಂಚುವವರ ಕೈಯಲ್ಲೇ ಕರಗಲು ಶುರುವಾಗಿರುತ್ತದೆ.

ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾನೇ ತಾಲೂಕಾದಾಗ ಊರೆಲ್ಲ ಸಂತೋಷಪಟ್ಟಿತು. ಅಲ್ಲಿಯ ಕಾಕಾನಿಗೆ ಮಾತ್ರ ಒಳಗೊಳಗೇ ಕಸಿವಿಸಿ. ಕೂಡಿದ್ದದ್ದು ಒಡೆಯಿತಲ್ಲ! "ತಾಲೂಕ ಬ್ಯಾರೆ ಆಗವಲ್ವಾಕ, ಹತ್ತಿಕಾಳ ಹಿಂಡಿ ಕೂಡಿ ತರೂಣು" ಎಂದು ಆಮೇಲೆ ಸಮಾಧಾನ ಮಾಡಿಕೊಂಡರು. ಹಿಂಡಿಯಲ್ಲಿ ಇವರಿಗೆ ನಿಜವಾಗಿಯೂ ಲಾಭ ಉಂಟು. ಲೋಡುಗಟ್ಟಲೆ ತಂದರೆ ಬೆಲೆ ಇಳಿಯುತ್ತದೆ, ಬಾಡಿಗೆ ಹಂಚಿಹೋಗುತ್ತದೆ. ಆದರೆ ಎಲ್ಲರ ಚೀಲಗಳನ್ನೂ ಇಳಿಸುವುದು ಕಾಕಾನ ಪಡಸಾಲೆಯಲ್ಲಿ. ಹಿಂಡಿಯ ವಾಸನೆ ಹಿಡಿದು ಓಣಿಯ ಎಮ್ಮೆಗಳೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತವೆ. ಕಾಕಾನ ಹೆಂಡತಿ ಕಾಕು ಕೋಲು ಹಿಡಿದು ಚೀಲಗಳನ್ನು ಕಾಯುತ್ತಾರೆ.

ಗೋಕಾಕದ ಕಾಕಾನ ಖಾತೆಯಲ್ಲಿ ಒಕ್ಕಲುತನದ ಜೊತೆ ಬಾಣಂತನವೂ ಬರುತ್ತದೆ. ಕರದಂಟಿನ ಊರು ಅದು. ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ ಇವುಗಳ ಸಗಟು ದರ ಕಾಕಾನ ನಾಲಿಗೆಯ ಮೇಲೆಯೇ ಇರುತ್ತದೆ. ಓಣಿಯಲ್ಲಿ ಯಾರ ಮಗಳಾದರೂ ಬಾಣಂತನಕ್ಕೆ ತವರಿಗೆ ಬಂದಳೆಂದರೆ, ಡಾಕ್ಟರಿಗಿಂತ ಮೊದಲು ಇವರು ವಿಚಾರಿಸುತ್ತಾರೆ.

"ದಿನಾ ಯಾವಾಗ ತುಂಬತಾವವಾ?"

"ಶ್ರಾವಣದಾಗ ಕಾಕಾ."

"ಆಚೀಮನೀ ಹುಡುಗೀದು ಭಾದ್ರಪದಕ್ಕ ಐತಿ. ಒಂದೀಟ ಹಿಂದ ಮುಂದ ಮಾಡಿಕೊಂಡಿದ್ರ ಅಂಟಿನುಂಡಿ ಸಾಮಾನ ಇಬ್ಬರದೂ ಕೂಡಿ ತರಬಹುದಿತ್ತ."

ಹುಕ್ಕೇರಿಯ ಕಾಕಾನ ಮುಂದೆ ವಾದ ಮಾಡಿ ಗೆದ್ದವರಿಲ್ಲ. ಅವರ ಬೆನ್ನಿಗೆ ಇತಿಹಾಸವಿದೆ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕರೆಂಟನ್ನೇ ಸಗಟು ಕೊಂಡು ಹಳ್ಳಿಗಳಿಗೆ ಹಂಚುತ್ತ ಬಂದಿದೆ. ರಾಜ್ಯದಲ್ಲಿ ಇಂಥದ್ದು ಬೇರೆ ಇಲ್ಲ. "ಕಣ್ಣಿಗೆ ಕಾಣಲಾರದ ಕರೆಂಟs ಕೂಡಿ ತಂದೇವಿ, ಕಣ್ಣಿಗೆ ಕಾಣೋ ಮೆಣಸಿನಕಾಯಿ ತರಾಕ ಏನ ಧಾಡಿ?" ಎಂದು ಕೇಳುತ್ತಾರೆ. ಇದೇ ತಾಲೂಕಿನ ಸಂಕೇಶ್ವರದಿಂದ ಖಾರಕ್ಕೆ, ಬ್ಯಾಡಗಿಯಿಂದ ಬಣ್ಣಕ್ಕೆ ಎಂದು ವರ್ಷದ ಖಾರಪುಡಿಯ ಮೆಣಸಿನಕಾಯಿ ಮೂಟೆಗಟ್ಟಲೆ ಬರುತ್ತದೆ. ಬಿಸಿಲಿಗೆ ಹರವಿದ ಮೇಲೆ ತೂಕ ಇಳಿಯುತ್ತದೆ. ಇಳಿದದ್ದು ಯಾರ ಪಾಲಿನದು? ತೊಟ್ಟು ಮುರಿದು ತೂಗಬೇಕೋ, ತೊಟ್ಟಿನ ಸಮೇತವೋ? ಈ ನ್ಯಾಯ ಬಗೆಹರಿಯುವುದರೊಳಗೆ ಹೆಣ್ಣುಮಕ್ಕಳೆಲ್ಲ ಸೀನಿ ಸೀನಿ ಸುಸ್ತಾಗಿರುತ್ತಾರೆ.

ಜಗಳ ಏರಿದಾಗ ಕಾಕಾ ಭಾಷಣಕ್ಕೆ ಏಳುತ್ತಾರೆ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರಲ್ಲಿ 28 ಜನ ಬಡವರು, ಅವರಲ್ಲಿ ಹಲವರು ನೇಕಾರರು, ತಲೆಗೊಂದು ಪೌಂಡಿನಂತೆ ಪಟ್ಟಿ ಹಾಕಿ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣಬತ್ತಿ ಕೂಡಿ ತಂದರು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಬೋಟಿನವರಿಗೆ ಸಹಕಾರಿಗಳದ್ದೇ ಡೀಸೆಲ್ ಬಂಕುಗಳಿವೆ. "ಸಮುದ್ರದಾಗ ಮೀನಿಗೆ ಪೈಪೋಟಿ ಮಾಡೋ ಮಂದಿ ದಂಡೀಗೆ ಬಂದ್ರ ಡೀಸೆಲ್ಲಿಗೆ ಒಂದ ಆಗತಾರ. ನೀವು ಒಂದs ಬಾಂವಿ ನೀರ ಕುಡಿಯೋರು, ಮೆಣಸಿನಕಾಯಿ ತೊಟ್ಟಿಗೆ ಬಡದಾಡತೀರಿ!"

ಭಾಷಣ ಕೇಳಿದ ಮಂದಿ ತಲೆ ತಗ್ಗಿಸಿ, ತಂತಮ್ಮ ಪಾಲು ಎತ್ತಿಕೊಂಡು ಹೋಗುತ್ತಾರೆ. ರೊಕ್ಕ ಕೊಡುವುದು ಆ ಗಡಿಬಿಡಿಯಲ್ಲಿ ನೆನಪಾಗುವುದಿಲ್ಲ.

ಕಾಕಾ ಇದರಲ್ಲಿ ಏನೋ ಹೊಡೆಯುತ್ತಾರೆ ಎಂದು ಹಿಂದಿನಿಂದ ಆಡಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಡೈರಿ ನೋಡಿದವರು ಹಾಗೆ ಅನ್ನುವುದಿಲ್ಲ. ಹಮಾಲಿಗೆ ಕೊಟ್ಟದ್ದು, ತೂಕದಲ್ಲಿ ಕಡಿಮೆ ಬಿದ್ದದ್ದು, ಬರೆಸಿ ಒಯ್ಯದೆ ಬಿಟ್ಟವರ ಚೀಲ, ಎಲ್ಲ ಕಾಕಾನ ಕಿಸೆಯಿಂದಲೇ ಹೋಗಿರುತ್ತದೆ. ಕಾಕು ಒಂದು ದಿನ ಕೇಳಿಯೇ ಬಿಟ್ಟರು. "ಊರಾಗ ಎಲ್ಲಾರ ರೊಕ್ಕಾ ಉಳಿಸಿದ್ರಿ. ನಮ್ಮ ರೊಕ್ಕಾ ಎಲ್ಲಿ ಉಳದೈತಿ?"

"ಮಂದೀ ಕಡೆ ಉಳದೈತಿ" ಎಂದರು ಕಾಕಾ.

ಕಣಗಿನಹಾಳಕ್ಕೂ ಕಾಕಾನ ಪಡಸಾಲೆಗೂ ಇರುವ ಫರಕು ಇಷ್ಟೇ: ಅಲ್ಲಿ ರಸೀದಿ ಪುಸ್ತಕ ಇತ್ತು, ಇಲ್ಲಿ ಹೋದ ವರ್ಷದ ಡೈರಿ ಇದೆ. ಹುರುಪಿಗೆ ಕಾಕಾನ ಬಳಿ ಕೊರತೆ ಇಲ್ಲ. ಹಾಗಾಗಿ ನಾಳೆ ಕಾಕಾ ನಿಮ್ಮ ಬಾಗಿಲಿಗೆ ಬಂದರೆ ಒಳಗೆ ಕರೆದು ಹೆಸರು ಬರೆಸಿರಿ, ರೊಕ್ಕವನ್ನೂ ಅಲ್ಲೇ ಎಣಿಸಿಕೊಟ್ಟು ರಸೀದಿ ಕೇಳಿರಿ. ಅಧ್ಯಕ್ಷಗಿರಿ ಅವರಿಗೇ ಇರಲಿ. ಖಜಾಂಚಿ ಮಾತ್ರ ಕಾಕು ಆಗಲಿ.